ಚಿನ್ನದ ಲೆಕ್ಕ ಇದೆ, ಜನರದು ಎಲ್ಲಿ?

ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದ ಹನ್ನೊಂದನೆಯ ಆವೃತ್ತಿ ಹೊರಬಂದದ್ದು 1910–11ರಲ್ಲಿ. ಒಟ್ಟು 29 ಸಂಪುಟ. ಬಲ್ಲವರು ಇವತ್ತಿಗೂ ಆ ಆವೃತ್ತಿಯ ಹೆಸರನ್ನು ಗೌರವದಿಂದ ಹೇಳುತ್ತಾರೆ. ಅದರ 15ನೆಯ ಸಂಪುಟದಲ್ಲಿ ನಮ್ಮ ಕೋಲಾರದ ಮೇಲೆ ಒಂದು ಲೇಖನವಿದೆ. ಒಂದು ಕಾಲಂ ಕೂಡ ತುಂಬದಷ್ಟು ಚಿಕ್ಕದು. ಪಟ್ಟಣ, ಜಿಲ್ಲೆ, ಚಿನ್ನದ ಗಣಿ ಮೂರನ್ನೂ ಅಷ್ಟರಲ್ಲೇ ಮುಗಿಸಿದ್ದಾರೆ. ನೂರು ವರ್ಷ ದಾಟಿದ ಬರಹವನ್ನು ಈಗ ಯಾಕೆ ವಿಮರ್ಶೆಗೆ ಎತ್ತಿಕೊಳ್ಳಬೇಕು ಎಂದು ಕೇಳುವವರು ಇರಬಹುದು. ಕೆ.ಜಿ.ಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಅಂದರೆ ಪಾಳುಬಿದ್ದ ಊರು, ಜನ ಬಿಟ್ಟುಹೋದ ಊರು ಎಂದು ಈಗ ಎಲ್ಲೆಲ್ಲೂ ಬರೆಯುತ್ತಾರಲ್ಲ, ಆ ಮಾತಿನ ಬೇರು ಈ ಪುಟ್ಟ ಲೇಖನದಲ್ಲೇ ಇದೆ ಎಂದು ನನಗೆ ಅನ್ನಿಸಿದೆ. ಆಗ ಗಣಿ ಭರ್ಜರಿಯಾಗಿ ನಡೆಯುತ್ತಿತ್ತು. ಆದರೂ ಊರನ್ನು ಊರೆಂದು ನೋಡುವ ಕಣ್ಣು ಆ ಲೇಖನಕ್ಕೆ ಇರಲಿಲ್ಲ.

ಮೊದಲು ಅದರಲ್ಲಿ ಏನಿದೆ ಅನ್ನುವುದನ್ನು ನೋಡೋಣ. ಕೋಲಾರ ಪಟ್ಟಣ ಬೆಂಗಳೂರಿಗೆ ಪೂರ್ವದಲ್ಲಿ 43 ಮೈಲಿ. 1901ರ ಜನಗಣತಿಯಂತೆ 12,210 ಮಂದಿ. ಹಳೆಯ ಊರು, ಆದರೆ ಬಹುಮಟ್ಟಿಗೆ ಹೊಸ ರೂಪ ತಾಳಿದೆ. ಕಂಬಳಿ ನೇಯ್ಗೆ ಇದೆ, ಹೊರಗೆ ಕಳಿಸಲು ಟರ್ಕಿ ಕೋಳಿ ಸಾಕುತ್ತಾರೆ. ಜಿಲ್ಲೆಯ ವಿಸ್ತೀರ್ಣ 3,180 ಚದರ ಮೈಲಿ, ಜನ 7,23,600. ಪಾಲಾರ್, ಪಿನಾಕಿನಿ, ಪಾಪಾಗ್ನಿ ನದಿಗಳು. ಅಣೆಕಟ್ಟು, ಕೆರೆಗಳಿಂದ ನೀರಾವರಿ. ನೆಲದಲ್ಲಿ ಯಾವ ಕಲ್ಲು, ತಗ್ಗಿನಲ್ಲಿ ಯಾವ ಮಣ್ಣು, ಬೆಟ್ಟದ ಮೇಲೆ ಎಂಥ ಕುರುಚಲು, ಎಲ್ಲವೂ ಬರುತ್ತದೆ. ಆಮೇಲೆ ರೈಲು, ಚಿನ್ನ, ವಿದ್ಯುತ್ತು. ಕಡೆಯಲ್ಲಿ ನಂದಿದುರ್ಗ.

ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಕಂಬಳಿಗೂ ಟರ್ಕಿ ಕೋಳಿಗೂ ಎಡೆ ಕೊಟ್ಟದ್ದು ನನಗೆ ಮೆಚ್ಚುಗೆಯಾದ ವಿಷಯ. ದೂರದ ಲಂಡನ್ನಿನ ಓದುಗನಿಗೆ ಕೋಲಾರದ ಕಂಬಳಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಬರೆದಿದ್ದಾರೆ. ಕೆರೆ, ಅಣೆಕಟ್ಟುಗಳನ್ನು ಇಲ್ಲಿಯವರು ದುಡಿದು ಬಳಸಿಕೊಳ್ಳುತ್ತಾರೆ ಎಂಬ ಒಂದು ಮೆಚ್ಚುಗೆಯ ಮಾತೂ ಇದೆ. ಕೋಲಾರ ಕೆರೆಗಳ ಜಿಲ್ಲೆ ಅನ್ನುವುದು ಬರೆದವರಿಗೆ ಗೊತ್ತಿತ್ತು.

ಲೇಖನದ ದೊಡ್ಡ ಗುಣ ಇರುವುದು ಚಿನ್ನದ ಲೆಕ್ಕದಲ್ಲಿ. 1904ರ ಕೊನೆಯ ತನಕ ತೆಗೆದ ಚಿನ್ನದ ಬೆಲೆ 2 ಕೋಟಿ 10 ಲಕ್ಷ ಪೌಂಡ್. ಷೇರುದಾರರಿಗೆ ಹಂಚಿದ ಲಾಭಾಂಶ 90 ಲಕ್ಷ ಪೌಂಡ್. ಮೈಸೂರು ಸಂಸ್ಥಾನಕ್ಕೆ ಸಂದ ರಾಜಧನ 10 ಲಕ್ಷ ಪೌಂಡ್. ಮೂರು ಅಂಕಿಗಳನ್ನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಇಟ್ಟಿದ್ದಾರೆ. ಪುಟಗಟ್ಟಲೆ ಬರೆದ ಎಷ್ಟೋ ಪುಸ್ತಕಗಳಲ್ಲಿ ಇಷ್ಟು ಬಿಚ್ಚಿಟ್ಟ ಲೆಕ್ಕ ಸಿಗುವುದಿಲ್ಲ. ನೂರು ರೂಪಾಯಿಯ ಚಿನ್ನದಲ್ಲಿ ಸುಮಾರು ನಲವತ್ತಮೂರು ರೂಪಾಯಿ ಇಂಗ್ಲೆಂಡಿನ ಷೇರುದಾರರ ಪಾಲು. ನೆಲದ ಒಡೆತನ ಇದ್ದ ಸಂಸ್ಥಾನಕ್ಕೆ ಐದು ರೂಪಾಯಿಗೆ ಒಂದಿಷ್ಟೂ ಮಿಗಿಲಿಲ್ಲ. ರಾಜಧನದ ದರವೇ ನೂರಕ್ಕೆ ಐದು ಇದ್ದದ್ದರಿಂದ ಅಂಕಿ ತಾಳೆಯಾಗುತ್ತದೆ. ಬರೆದವರು ಇದನ್ನು ದೂರೆಂದು ಬರೆಯಲಿಲ್ಲ, ಉದ್ಯಮ ಗಟ್ಟಿಯಾಗಿ ನೆಲೆನಿಂತಿದೆ ಎಂದು ತೋರಿಸಲು ಬರೆದರು. ಆದರೆ ಅಂಕಿ ಬರೆದವರ ಉದ್ದೇಶಕ್ಕೆ ಕಟ್ಟುಬೀಳುವುದಿಲ್ಲ. ಕೋಲಾರದ ಯಾವ ಹೈಸ್ಕೂಲು ಹುಡುಗಿಯಾದರೂ ಆ ಮೂರು ಅಂಕಿ ಇಟ್ಟುಕೊಂಡು ವಸಾಹತು ಅಂದರೆ ಏನೆಂದು ಲೆಕ್ಕ ಮಾಡಿ ತೋರಿಸಬಹುದು.

ನಾಲ್ಕನೆಯ ಅಂಕಿಯೊಂದು ಅಲ್ಲಿ ಇರಬೇಕಿತ್ತು: ಕೂಲಿ. ಯಂತ್ರ, ಮರ, ಸಾಹೇಬರ ಸಂಬಳ, ಕೂಲಿಕಾರರ ದಿನಗೂಲಿ ಎಲ್ಲ ಸೇರಿ ಉಳಿದ 1 ಕೋಟಿ 10 ಲಕ್ಷ ಪೌಂಡಿನಲ್ಲಿ ಇದೆ ಎಂದು ನಾವೇ ಊಹಿಸಿಕೊಳ್ಳಬೇಕು. ಅದರಲ್ಲಿ ಕೆಳಗಿಳಿದು ಕಲ್ಲು ಕೊರೆದವನ ಪಾಲೆಷ್ಟು? ಲೇಖನದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ನಾಲ್ಕು ಕಂಪನಿಗಳ ಹೆಸರುಂಟು. ಗಣಿ ಕೆಲಸಗಾರ ಅನ್ನುವ ಪದವೇ ಇಲ್ಲ. ಒಂದು ಸಲವೂ ಇಲ್ಲ.

ಚಿನ್ನದ ಶೋಧ 1876ರಲ್ಲಿ ಶುರುವಾಯಿತು ಎಂದು ಲೇಖನ ಹೇಳುತ್ತದೆ. ಇದನ್ನು ಹಾಗೇ ಒಪ್ಪಲು ಬರುವುದಿಲ್ಲ. ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು, ಸರ್ಕಾರದ ಬೆನ್ನು ಬಿದ್ದು ಶೋಧದ ಪರವಾನಗಿ ಪಡೆದದ್ದು 1875ರಲ್ಲಿ. ಅವನಿಗೂ ಈ ಯೋಚನೆ ಆಕಾಶದಿಂದ ಉದುರಿದ್ದಲ್ಲ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಊರಿಗಾಂ, ಮಾರಿಕುಪ್ಪಂ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟಿದ್ದ. ಗುಂಡಿ ತೋಡಿ, ಕೆಳಗಿನ ಕಲ್ಲನ್ನು ಕೈಯಿಂದ ಕೈಗೆ ಮೇಲೆ ಸಾಗಿಸಿ, ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಆಡಿಸಿ ಕಣ ಬೇರೆ ಮಾಡುವ ಕೆಲಸ ಈ ಸೀಮೆಯವರಿಗೆ ಮೊದಲೇ ಬರುತ್ತಿತ್ತು. ಲ್ಯಾವೆಲ್ ಓದಿದ್ದು ವಾರನ್ನನ ಬರಹ. ವಾರನ್ ನೋಡಿದ್ದು ನಮ್ಮ ಹಳ್ಳಿಯವರ ಕೈಚಳಕ. ಕೋಶದ ಲೇಖನ ಈ ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿದು ಅದನ್ನೇ ಮೊದಲು ಎಂದಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ, ಅದೂ ಮೊದಲ ಕೆಲವು ವರ್ಷ ಬರಿಗೈಯಾಗಿ ಕೂತು ಆಮೇಲೆ ಚಾಂಪಿಯನ್ ಲೋಡ್ ಸಿಕ್ಕ ಮೇಲೆ, ಕಥೆ ಬೇರೆ ದಾರಿ ಹಿಡಿಯಿತು ನಿಜ. ಆದರೆ ಶುರು ಅಲ್ಲಿಯದಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೊಂದು ಸಾಲು. ಕೋಲಾರ ಗೋಲ್ಡ್ ಫೀಲ್ಡ್ಸ್ ಎಂಬ ಮುನಿಸಿಪಾಲಿಟಿಯಲ್ಲಿ 1901ರಲ್ಲಿ 38,204 ಜನ ಇದ್ದರು. ಅದು ಪ್ಲೇಗಿನಿಂದ ಬಹಳ ನರಳಿದೆ. ಇಷ್ಟೇ. ಇಡೀ ಲೇಖನದಲ್ಲಿ ಗಣಿಯ ಜನರ ಬಗ್ಗೆ ಇರುವುದು ಈ ಒಂದು ಸಾಲು, ಅದೂ ಅರ್ಧ ಅಂಕಿ, ಅರ್ಧ ರೋಗ. ಪ್ಲೇಗು ಯಾಕೆ ಬಂತು, ಅಲ್ಲೇ ಯಾಕೆ ಅಷ್ಟು ಹಬ್ಬಿತು ಎಂದು ಕೇಳಿದ್ದರೆ ಲೇಖನ ತಾನಾಗಿ ಲೈನುಗಳಿಗೆ ಹೋಗುತ್ತಿತ್ತು. ಗಣಿ ಕಾರ್ಮಿಕರ ಸಾಲು ಮನೆಗಳನ್ನು ಇವತ್ತಿಗೂ ಅಲ್ಲಿಯವರು ಲೈನ್ ಅಂತಲೇ ಕರೆಯುತ್ತಾರೆ. ಬಿದಿರ ತಟ್ಟಿಯ ಗೋಡೆ, ತಗ್ಗಿನ ಸೂರು, ಒಂದೇ ಕೋಣೆ. ಒಂದಕ್ಕೊಂದು ಅಂಟಿಕೊಂಡ ಗೂಡುಗಳು. ಒಳಗೆ ಒಂದು ಸಂಸಾರ. ಎಷ್ಟೋ ಕಡೆ ಊರಿಂದ ಕೆಲಸ ಹುಡುಕಿ ಬಂದ ನೆಂಟರೂ ಅದರಲ್ಲೇ. ಕೂಗಳತೆಯ ದೂರದಲ್ಲಿ ಹೂದೋಟ, ಅಗಲದ ವರಾಂಡ, ಇಳಿಜಾರು ಹೆಂಚಿನ ಬಂಗಲೆಗಳು, ಕ್ಲಬ್ಬು, ಚರ್ಚು. ಲಿಟ್ಲ್ ಇಂಗ್ಲೆಂಡ್ ಎಂದು ಆ ಊರಿಗೆ ಹೆಸರು ಬಂದದ್ದು ಬಂಗಲೆಗಳ ಕಡೆಯಿಂದ ನೋಡಿದವರ ಬಾಯಲ್ಲಿ. ಪ್ಲೇಗು ನುಗ್ಗಿದ್ದು ಲೈನುಗಳಿಗೆ. ಬ್ರಿಟಾನಿಕಾ ಎರಡನ್ನೂ ಒಂದೇ ಮುನಿಸಿಪಾಲಿಟಿ ಎಂದು ಕಟ್ಟಿಬಿಟ್ಟಿತು.

ಅದೇ ಸಾಲಿನ ಅಂಕಿಯನ್ನು ಲೇಖನದ ಮೊದಲ ಅಂಕಿಯ ಪಕ್ಕ ಇಟ್ಟು ನೋಡಿ. ಕೋಲಾರ ಪಟ್ಟಣ 12,210, ಕೆ.ಜಿ.ಎಫ್ 38,204. ಮೂರು ಪಟ್ಟಿಗೂ ಹೆಚ್ಚು ದೊಡ್ಡ ಊರು ಲೇಖನದ ಬಾಲದಲ್ಲಿ ಬರುತ್ತದೆ, ಅದಕ್ಕೆ ಸ್ವಂತ ಶೀರ್ಷಿಕೆ ಇಲ್ಲ. ಆ ಕಾಲದ ಇಡೀ ಜಿಲ್ಲೆಯಲ್ಲಿ ಅಷ್ಟು ಜನ ಒಂದೆಡೆ ಸೇರಿದ ಜಾಗ ಬೇರೊಂದಿರಲಿಲ್ಲ. ನಮ್ಮ ಹೋಳೂರು ಹೋಬಳಿಯಂಥ ಕಡೆಗಳಿಗೂ, ಮುಳಬಾಗಿಲು, ಶ್ರೀನಿವಾಸಪುರದ ರೈತರಿಗೂ ಚಿನ್ನದ ಗಣಿ ಅಂದರೆ ಮೊದಲು ನೆನಪಾಗುವುದು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಸಂತೆ, ಅಂಗಡಿ, ಬಟವಾಡೆ ದಿನದ ವ್ಯಾಪಾರ. ತರಕಾರಿ, ಹಾಲು, ಕುರಿಗೆ ಅಷ್ಟು ದೊಡ್ಡ ಗಿರಾಕಿ ಹತ್ತಿರದಲ್ಲಿ ಮತ್ತೊಬ್ಬರಿರಲಿಲ್ಲ. ಚಿನ್ನವನ್ನು ನಾವು ನೋಡಿದ್ದು ಕಮ್ಮಿ. ಗಣಿಯ ಜನರನ್ನು ನೋಡಿದ್ದು, ಅವರೊಂದಿಗೆ ವ್ಯವಹರಿಸಿದ್ದು ಹೆಚ್ಚು.

ಆ ಜನ ಎಲ್ಲಿಂದ ಬಂದರು ಅನ್ನುವುದಕ್ಕೆ ಲೇಖನದ ಕೈಯಲ್ಲೇ ಒಂದು ಎಳೆ ಇತ್ತು. ಪಾಲಾರ್ ನದಿಯ ಹೆಸರನ್ನು ಅದು ಹೇಳುತ್ತದೆ. ಪಾಲಾರ್ ನಮ್ಮ ಜಿಲ್ಲೆ ದಾಟಿ ಆಂಧ್ರದ ಮೂಲೆ ತಾಗಿ ವೆಲ್ಲೂರಿನ ಕಡೆ ಹರಿಯುತ್ತದೆ. ಆ ಕೆಳದಂಡೆಯ ಉತ್ತರ ಆರ್ಕಾಟಿನಿಂದ, ಚಿತ್ತೂರು, ಸೇಲಂ ಕಡೆಯಿಂದ ಭೂಮಿ ಇಲ್ಲದ ದಲಿತ ಕುಟುಂಬಗಳು ಗಣಿಗೆ ಬಂದವು. ಜೀತದ ಬದುಕಿಗಿಂತ ನೆಲದಡಿಯ ಕತ್ತಲೆಯೇ ವಾಸಿ ಎಂದು ಬಂದವರು ಅವರಲ್ಲಿ ಎಷ್ಟೋ ಮಂದಿ. ಅದೇ ಪಾಲಾರಿನ ಬೇತಮಂಗಲ ಕೆರೆಯಿಂದ ಗಣಿ ಊರಿಗೆ ಕುಡಿಯುವ ನೀರು ಬಂತು. ಲೇಖನಕ್ಕೆ ನದಿ ಗೊತ್ತು, ಗಣಿ ಗೊತ್ತು. ಎರಡನ್ನೂ ಜೋಡಿಸಿದ್ದರೆ ಜನ ಕಾಣುತ್ತಿದ್ದರು.

ವಿದ್ಯುತ್ತಿನ ಮಾತು ಚೆನ್ನಾಗಿದೆ. ಕಾವೇರಿ ಜಲಪಾತದಿಂದ 93 ಮೈಲಿ ದೂರ ತಂತಿ ಎಳೆದು ಗಣಿಯ ಯಂತ್ರ ನಡೆಸುತ್ತಾರೆ ಎಂದು ಬರೆದಿದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಾಗ ಅಷ್ಟು ದೂರದ ಸಾಗಣೆ ನಮ್ಮ ದೇಶಕ್ಕೇ ಹೊಸದು. ಬೆಂಗಳೂರಿನ ಬೀದಿಗೆ ಅದೇ ವಿದ್ಯುತ್ತು ಬರಲು 1905 ಆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಹಟ ಹಿಡಿದು ಮಾಡಿಸಿದ ಕೆಲಸ ಅದು. ಅವರ ಹೆಸರು ಲೇಖನದಲ್ಲಿಲ್ಲ. ಜಾಗದ ಅಭಾವ ಎಂದು ಇದನ್ನು ಮನ್ನಿಸಬಹುದು.

ಮುಕ್ತಾಯವನ್ನು ಮಾತ್ರ ಮನ್ನಿಸಲಾರೆ. ಜಿಲ್ಲೆಯ ಇತ್ತೀಚಿನ ಇತಿಹಾಸದಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಎಂದು ಲೇಖನ ಆರಿಸಿಕೊಂಡದ್ದು 1791ರಲ್ಲಿ ಇಂಗ್ಲಿಷರು 21 ದಿನ ಗುಂಡಿನ ಮಳೆಗರೆದು ನಂದಿದುರ್ಗ ಗೆದ್ದ ಕಥೆ. ಗಂಗರ ರಾಜಧಾನಿ ಕುವಲಾಲಪುರ ಇಲ್ಲ. ಚೋಳರ ಶಾಸನಗಳಿರುವ ಕೋಲಾರಮ್ಮನ ಗುಡಿ ಇಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಇಲ್ಲ. ಗೆದ್ದವರು ಬರೆದ ಕೋಶದಲ್ಲಿ ಗೆದ್ದ ದಿನ ಉಳಿಯಿತು. ಇನ್ನೂ ದೊಡ್ಡ ಕೊರತೆ ಏನೆಂದರೆ, ಆ ಸಂಪುಟ ಅಚ್ಚಾಗುತ್ತಿದ್ದ ವರ್ಷಗಳಲ್ಲೇ ಗಣಿಯ ಲೈನುಗಳಲ್ಲಿ ಹೊಸ ಇತಿಹಾಸ ನಡೆಯುತ್ತಿತ್ತು. ಅಯೋತಿದಾಸ ಪಂಡಿತರ ಬೌದ್ಧ ಚಳವಳಿಗೆ ಮಾರಿಕುಪ್ಪಂ ಗಟ್ಟಿ ನೆಲೆಯಾಗಿತ್ತು. ಹಗಲು ಗಣಿಗೆ ಇಳಿದವರು ಸಂಜೆ ಕೂತು ಓದಿದರು, ಚರ್ಚಿಸಿದರು, ಬೌದ್ಧ ಸಂಘ ಕಟ್ಟಿದರು, ತಮ್ಮ ದುಡ್ಡಿನಲ್ಲಿ ಪುಸ್ತಕ ಅಚ್ಚು ಹಾಕಿಸಿದರು. ಅಂಬೇಡ್ಕರರು ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತಿದು. ಒಂದು ಗಣಿ ಊರಿನ ಬಗ್ಗೆ ಜಗತ್ತಿಗೆ ಹೇಳಬೇಕಾದ ವಿಷಯ ಇದಲ್ಲದೆ ಇನ್ನಾವುದು?

ಆಮೇಲಿನ ಕಥೆಯೂ ಅದೇ ಜಾಡಿನದು. 1930ರಲ್ಲಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟವು. ಕಳ್ಳರ ಬೆರಳಚ್ಚು ಪೊಲೀಸರು ತೆಗೆಯುತ್ತಾರೆ, ನಾವೇನು ಕಳ್ಳರೇ ಎಂದು ಇಡೀ ಗಣಿ ಸಿಡಿದು ನಿಂತಿತು. ಸಾವಿರಾರು ಮಂದಿ ಶಾಫ್ಟಿಗೆ ಇಳಿಯಲಿಲ್ಲ. ಕೂಲಿ ಹೆಚ್ಚಳಕ್ಕಿಂತ ಮೊದಲು ಮಾನದ ಪ್ರಶ್ನೆಗೆ ಹೂಡಿದ ಮುಷ್ಕರ ಅದು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಈ ಊರಿನ ಚುನಾವಣೆಗಳನ್ನು ನೋಡಿ: ರಿಪಬ್ಲಿಕನ್ ಪಕ್ಷ, ಕಮ್ಯೂನಿಸ್ಟ್ ಪಕ್ಷ, ಅಣ್ಣಾ ಡಿಎಂಕೆ ಮೂರೂ ಇಲ್ಲಿಂದ ವಿಧಾನಸಭೆಗೆ ಶಾಸಕರನ್ನು ಕಳಿಸಿವೆ. ಕರ್ನಾಟಕದ ಬೇರೆ ಯಾವ ಕ್ಷೇತ್ರದ ನಡೆಯೂ ಹೀಗಿಲ್ಲ. ಲೈನುಗಳ ಸಂಜೆ ಓದಿನಿಂದ ಹಿಡಿದು ಬಂದ ದಾರಿ ಗೊತ್ತಿಲ್ಲದವರಿಗೆ ಇದು ಬರೀ ವಿಚಿತ್ರವಾಗಿ ಕಾಣುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಬ್ರಿಟಾನಿಕಾ ಹಾಕಿಕೊಟ್ಟ ಅಚ್ಚು ಇದು: ಯಾವಾಗ ಅಗೆದರು, ಎಷ್ಟು ಸಿಕ್ಕಿತು, ಯಾರಿಗೆ ಹೋಯಿತು. ಇವತ್ತು ಕೆ.ಜಿ.ಎಫ್ ಬಗ್ಗೆ ಕೋಶಕ್ಕೋ ಪ್ರವಾಸಿ ಕೈಪಿಡಿಗೋ ಬರೆಯಲು ಕೂತವರಿಗೂ ಕೈಗೆ ಮೊದಲು ಸಿಗುವುದು ಅದೇ. ಅಂಕಿಗಳನ್ನು ಮುಂದುವರಿಸಿದರೆ ಸಾಕು. ಒಟ್ಟು ಸುಮಾರು 800 ಟನ್ ಚಿನ್ನ. ಆಳ 3 ಕಿಲೋಮೀಟರಿಗೂ ಹೆಚ್ಚು. 1956ರಲ್ಲಿ ರಾಷ್ಟ್ರೀಕರಣ, 1962ರಲ್ಲಿ ಕೇಂದ್ರದ ವಶ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರುವರಿ 28ಕ್ಕೆ ಬೀಗ. ಚಿನ್ನ ನಿಂತಿತು, ಹಾಗಾಗಿ ಊರೂ ನಿಂತಿತು ಎಂದು ಬರೆಯುವುದೊಂದೇ ಬಾಕಿ. ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಲೇಖನಕ್ಕೆ ಬೇರೆ ಕೊನೆ ಸಾಧ್ಯವೂ ಇಲ್ಲ.

ನಿಜವಾಗಿ ಜನ ಬಿಟ್ಟುಹೋದ ಗಣಿ ಊರುಗಳು ಜಗತ್ತಿನಲ್ಲಿವೆ. ಕ್ಯಾಲಿಫೋರ್ನಿಯಾದ ಬೋಡಿಯಲ್ಲಿ ಈಗ ಉಳಿದಿರುವುದು ಖಾಲಿ ಮನೆಗಳು ಮತ್ತು ಕಾವಲುಗಾರರು. ನಮೀಬಿಯಾದ ಕೋಲ್ಮನ್ಸ್‌ಕೋಪ್ ಎಂಬ ವಜ್ರದ ಊರಿನ ಕೋಣೆಗಳ ಒಳಗೆ ಮರಳು ಕಿಟಕಿಯ ತನಕ ತುಂಬಿದೆ. ಕಲ್ಲಿದ್ದಲು ತೆಗೆಯುತ್ತಿದ್ದ ಜಪಾನಿನ ಹಾಶಿಮಾ ದ್ವೀಪ 1974ರಲ್ಲಿ ಖಾಲಿಯಾಯಿತು. ಕೆ.ಜಿ.ಎಫ್ ಅನ್ನು ಇವುಗಳ ಸಾಲಿಗೆ ಸೇರಿಸುವುದು ತಪ್ಪು, ಸರಳವಾದ ವಾಸ್ತವದ ತಪ್ಪು. 2011ರ ಜನಗಣತಿಯಲ್ಲಿ ಈ ನಗರದಲ್ಲಿದ್ದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಬ್ರಿಟಾನಿಕಾ ಬರೆದ ಕಾಲದ ನಾಲ್ಕು ಪಟ್ಟು. 1964ರಲ್ಲಿ ಹುಟ್ಟಿದ ಬೆಮೆಲ್ ಕಂಪನಿಯ ಕಾರ್ಖಾನೆ ಇವತ್ತಿಗೂ ಅಲ್ಲಿ ನಡೆಯುತ್ತಿದೆ. ಬಂಗಾರಪೇಟೆಯಿಂದ ಪ್ರತ್ಯೇಕಗೊಂಡು ಅದೇ ಒಂದು ತಾಲ್ಲೂಕಾಗಿದೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಒಂದೊಂದು ನಿಲ್ದಾಣದಲ್ಲೂ ಜನ ಹತ್ತುತ್ತಲೇ ಇರುತ್ತಾರೆ. ಸೆಕ್ಯೂರಿಟಿ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಕಾಲೇಜು ಮಕ್ಕಳು, ಆಸ್ಪತ್ರೆ, ಅಂಗಡಿ, ಕಚೇರಿಗಳಲ್ಲಿ ದುಡಿಯುವವರು. ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು. ಗಣಿ ಮುಚ್ಚಿದ ಮೇಲೆ ಈ ಊರು ಬದುಕಿದ್ದು ಇವರ ಕಾಲಮೇಲೆ. ಅಜ್ಜ ದಿನಾ ಭೂಮಿಯ ಆಳಕ್ಕೆ ಹೋಗಿ ಬಂದ, ಮೊಮ್ಮಗಳು ದಿನಾ ಅಷ್ಟೇ ಕಷ್ಟಪಟ್ಟು ರಾಜಧಾನಿಗೆ ಹೋಗಿ ಬರುತ್ತಾಳೆ. ಬಿಟ್ಟುಹೋದವರು ಯಾರು? ಬಿಟ್ಟುಹೋದದ್ದು ಮೊದಲು ಕಂಪನಿ, ಆಮೇಲೆ ಸರ್ಕಾರ. ಜನ ಅಲ್ಲೇ ಇದ್ದಾರೆ.

2018ರಲ್ಲೂ 2022ರಲ್ಲೂ ಬಂದ ಸಿನಿಮಾಗಳಿಂದ ಕೆ.ಜಿ.ಎಫ್ ಎಂಬ ಮೂರಕ್ಷರ ದೇಶದ ಬಾಯಿಗೆ ಬಂತು. ಸಿನಿಮಾ ಕಟ್ಟುಕಥೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಕೋಶದ ಲೇಖನ ಸಿನಿಮಾದ ಕೆ.ಜಿ.ಎಫ್‌ಗೂ ಊರಿನ ಕೆ.ಜಿ.ಎಫ್‌ಗೂ ನಡುವೆ ಗೆರೆ ಎಳೆಯಬೇಕು. ಅದು ಅದರ ಧರ್ಮ.

ಗಣಿ ಮುಚ್ಚಿದ ಕಾರಣವನ್ನೂ ಎರಡು ಪದದಲ್ಲಿ ಮುಗಿಸುವ ರೂಢಿ ಬಿಡಬೇಕು. ಚಿನ್ನ ಖಾಲಿಯಾಯಿತು ಎಂದು ಬರೆದರೆ ಅರ್ಧ ಸತ್ಯ. ಶುರುವಿನ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರ್ನಾಲ್ಕು ಗ್ರಾಮಿಗೆ ಇಳಿಯಿತು. ಅದನ್ನು ತೆಗೆಯಲು ಇನ್ನೂ ಆಳಕ್ಕೆ ಹೋಗಬೇಕು. ಆಳ ಹೆಚ್ಚಿದಷ್ಟೂ ಬಿಸಿ. ಕೆಳಗಿನ ಕಲ್ಲಿನ ಶಾಖ 60 ಡಿಗ್ರಿ ದಾಟುತ್ತಿತ್ತು, ತಣ್ಣನೆ ಗಾಳಿ ಒತ್ತಿ ಕಳಿಸದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಮೇಲಿನ ಕಲ್ಲಿನ ಭಾರಕ್ಕೆ ಗೋಡೆ ಒಮ್ಮೆಲೆ ಸಿಡಿಯುತ್ತಿತ್ತು. ಗಣಿಯವರು ಅದಕ್ಕೆ ಇಟ್ಟ ಹೆಸರು ಏರ್ ಬ್ಲಾಸ್ಟ್. ಅದು ಆದಾಗ ಮೇಲೆ ಮನೆಯ ಪಾತ್ರೆ ಅಲುಗುತ್ತಿದ್ದವು. ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೆ.ಜಿ.ಎಫ್‌ನಲ್ಲೇ. ಸುಮ್ಮನೆ ಅಲ್ಲ, ಕಲ್ಲು ಸಿಡಿಯುವುದನ್ನು ಇಲ್ಲಿಯವರಷ್ಟು ಅನುಭವಿಸಿದವರು ದೇಶದಲ್ಲಿ ಬೇರೆ ಇರಲಿಲ್ಲ.

ಇನ್ನು ಧೂಳು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಉಸಿರನ್ನು ವರ್ಷಗಟ್ಟಲೆ ಹಿಂಡುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ರೋಗದ ಮೊದಲ ದೊಡ್ಡ ಸಮೀಕ್ಷೆ ನಡೆದದ್ದು 1940ರ ದಶಕದಲ್ಲಿ, ಈ ಗಣಿಗಳಲ್ಲಿ. ಪರೀಕ್ಷೆಗೆ ಒಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಆ ರೋಗ ಕಂಡಿತು. ಚಿನ್ನದ ಟನ್ನುಗಳ ಪಕ್ಕದಲ್ಲಿ ಈ ಅಂಕಿ ಬರದ ಯಾವ ಲೇಖನವನ್ನೂ ನಾನು ಪೂರ್ಣ ಎಂದು ಒಪ್ಪುವುದಿಲ್ಲ. ಬ್ರಿಟಾನಿಕಾ ಕಾಲಕ್ಕೆ ಈ ಸಮೀಕ್ಷೆ ಇರಲಿಲ್ಲ, ಅದನ್ನು ದೂರುವಂತಿಲ್ಲ. ಈಗ ಬರೆಯುವವರಿಗೆ ಆ ನೆಪ ಇಲ್ಲ.

ಆಳದ ಬಗ್ಗೆ ಹೇಳುವಾಗ ಹೆಮ್ಮೆಯಿಂದ ಹೇಳಬೇಕಾದ ಸಂಗತಿಯೂ ಒಂದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಈ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟು ಕಾದರು. ಅಷ್ಟು ಕಲ್ಲನ್ನು ದಾಟಿ ಬೇರೆ ಕಣ ಬರುವುದು ಬಲು ಅಪರೂಪ, ನ್ಯೂಟ್ರಿನೊ ಬರಬಲ್ಲದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಮೊದಲು ಕಂಡದ್ದು ಈ ಎರಡೇ ಕಡೆ. ಆ ಭಾರದ ಉಪಕರಣಗಳನ್ನು ಕೇಜಿನಲ್ಲಿ ಇಳಿಸಿ, ಸುರಂಗದಲ್ಲಿ ಸಾಗಿಸಿ, ಕಲ್ಲು ಕೊರೆದು ಜಾಗ ಮಾಡಿಕೊಟ್ಟದ್ದು ಗಣಿ ಕಾರ್ಮಿಕರು. ಭೌತಶಾಸ್ತ್ರದ ಬರಹಗಳಲ್ಲಿ ಕೆ.ಜಿ.ಎಫ್ ಹೆಸರು ಬರುತ್ತದೆ, ಊರಿನ ಬರಹಗಳಲ್ಲಿ ಭೌತಶಾಸ್ತ್ರ ಬರುವುದು ಅಪರೂಪ. ಇದು ಸರಿಹೋಗಬೇಕು.

ಕಡೆಗೆ ಸೈನೈಡ್ ದಿಬ್ಬಗಳು. ಕಲ್ಲು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ನುಣ್ಣನೆ ಪುಡಿಯನ್ನು ನೂರು ವರ್ಷ ಊರ ಪಕ್ಕದಲ್ಲೇ ಸುರಿದರು. ಮೂರು ಕೋಟಿ ಟನ್ನಿಗೂ ಮೀರಿದ ಗುಡ್ಡ ಅದು. ಹೊರಗಿನಿಂದ ಬಂದವರಿಗೆ ಫೋಟೋ ತೆಗೆಯುವ ಜಾಗ. ಆಷಾಢದ ಗಾಳಿಗೆ ಅದು ಎದ್ದು ಲೈನುಗಳ ಮೇಲೆ ಬೀಳುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ, ನೀರಿನ ಬಿಂದಿಗೆಯ ಮೇಲೆ, ಮಕ್ಕಳ ಕಣ್ಣು ಮೂಗಿಗೆ. ದಿಬ್ಬದಲ್ಲಿ ಉಳಿದ ಚೂರುಪಾರು ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು: 13 ದಿಬ್ಬ, ಸಾವಿರ ಎಕರೆಯಷ್ಟು ಜಾಗ. ಇದನ್ನು ಬರೆಯುವವರು ಮತ್ತೆ ಎಷ್ಟು ಟನ್, ಎಷ್ಟು ಕೋಟಿ ಎಂಬಲ್ಲಿಗೇ ನಿಲ್ಲಿಸಿದರೆ 1911ರ ಲೇಖನವನ್ನೇ ಮತ್ತೊಮ್ಮೆ ಬರೆದಂತೆ.

ನನ್ನ ತೀರ್ಮಾನ ಇಷ್ಟು. ಬ್ರಿಟಾನಿಕಾ ಲೇಖನ ಅಂಕಿಯಲ್ಲಿ ಪ್ರಾಮಾಣಿಕ, ನೋಟದಲ್ಲಿ ಕುರುಡು. ಅದರ ಅಂಕಿಗಳನ್ನು ಇಟ್ಟುಕೊಳ್ಳೋಣ, ಅಚ್ಚನ್ನು ಬಿಡೋಣ. ಕನ್ನಡದಲ್ಲಿ ಈ ಊರಿನ ಬಗ್ಗೆ ಬರೆಯುವ ಮುಂದಿನ ಲೇಖನ ಜನರಿಂದ ಶುರುವಾಗಲಿ: ಎಲ್ಲಿಂದ ಬಂದರು, ಯಾವ ಮನೆಯಲ್ಲಿದ್ದರು, ಏನು ಓದಿದರು, ಯಾವುದಕ್ಕೆ ಕೆಲಸ ನಿಲ್ಲಿಸಿದರು, ಗಣಿ ಮುಚ್ಚಿದ ಮೇಲೆ ಹೇಗೆ ಬದುಕಿದರು. ಚಿನ್ನ ಎರಡನೆಯ ಪ್ಯಾರಾದಲ್ಲಿ ಬರಲಿ. ಆ ಊರಿನವರು ತಮಿಳಿನಲ್ಲಿ ಹೇಳಿದ ಬದುಕಿಗೂ ಕನ್ನಡದ ಕೋಶದಲ್ಲಿ ಜಾಗ ಇರಲಿ. ಅವರು ನಾಲ್ಕೈದು ತಲೆಮಾರಿನಿಂದ ಈ ಜಿಲ್ಲೆಯವರು, ನಮ್ಮವರು.

ಇದಕ್ಕೆ ಹೆಚ್ಚು ಸಮಯ ಇಲ್ಲ. 2001ರಲ್ಲಿ ಮೂವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡವರು ಈಗ ಐವತ್ತೈದರ ಆಸುಪಾಸಿನಲ್ಲಿದ್ದಾರೆ. ಆಳದ ಶಾಫ್ಟುಗಳ ಕಸುಬು ಬಲ್ಲ ಹಿರಿಯರು ಎಂಬತ್ತರ ಹತ್ತಿರ ಇದ್ದಾರೆ, ಅವರಲ್ಲಿ ಎಷ್ಟೋ ಮಂದಿಗೆ ನಾಲ್ಕು ಮಾತಾಡಿದರೆ ಉಸಿರು ಕಟ್ಟುತ್ತದೆ. ಕೋಲಾರ ಜಿಲ್ಲೆಯ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಅವರ ಮನೆಗೆ ಹೋಗಿ ಕೂತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ವರ್ಷವೇ ಶುರು ಮಾಡಬೇಕು. ಕನ್ನಡ, ತಮಿಳು, ತೆಲುಗು ಮೂರನ್ನೂ ಮಾತಾಡಬಲ್ಲ ವಿದ್ಯಾರ್ಥಿಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ.